ಮೂರನೇ ಸಾಲಿನ ಹುಡುಗಿ

ಬಸವೇಶ್ವರನಗರದಲ್ಲಿ ಅಂಬುಜಾ ಮೇಡಂ ಎದುರಿಗೆ ಬಂದರೆ ನಲವತ್ತು ದಾಟಿದ ಗಂಡಸರೂ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು ಆಕೆ. ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸುಗಳನ್ನು ಮೊದಲು ಅವರು ನೋಡಿ ಒಪ್ಪಬೇಕಿತ್ತು. ಸೊಂಟ ಅಲುಗಿದರೆ ಕತ್ತರಿ. ಕತ್ತರಿಸಿ ಉಳಿದದ್ದು ಹೆಚ್ಚುಕಮ್ಮಿ ಪಿ.ಟಿ. ಕ್ಲಾಸಿನಂತೆಯೇ ಇರುತ್ತಿತ್ತು.

ಅವರ ಗಂಡ ಚಕ್ರಪಾಣಿ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಫೋನಿನಲ್ಲಿ ಹಳೆಯ ಟಿವಿ ಕಾರ್ಯಕ್ರಮಗಳನ್ನು ಹುಡುಕಿ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಹಾಲಿನಿಂದಲೇ ಹೆಂಡತಿಯನ್ನು ಕರೆದರು.

"ಅಂಬುಜಾ, ಬಾ ಇಲ್ಲಿ. ಈ ಹುಡುಗೀನ ನೋಡು, ಮೈಮೇಲೆ ದೇವರು ಬಂದಂಗೆ ಆಡ್ತಿದಾಳೆ."

ಆಕೆ ಒದ್ದೆ ಕೈಯಲ್ಲೇ ಬಂದು ಬಗ್ಗಿ ನೋಡಿದರು. ಎಂಬತ್ತಾರನೇ ಇಸವಿಯ ಹೊಸ ವರ್ಷದ ಕಾರ್ಯಕ್ರಮ. ಬೆಳ್ಳಿ ಬಣ್ಣದ ಜಾಕೆಟ್ ತೊಟ್ಟ ಪಾಪ್ ಗಾಯಕನೊಬ್ಬ ಮೈಕಿನ ಸುತ್ತ ಗಿರಕಿ ಹೊಡೆಯುತ್ತಿದ್ದ. ಸ್ಟುಡಿಯೊದಲ್ಲಿ ಕೂತ ಪ್ರೇಕ್ಷಕರು ಶ್ರಾದ್ಧದ ಮನೆಗೆ ಬಂದವರಂತೆ ಗಂಭೀರವಾಗಿದ್ದರು. ಮೂರನೇ ಸಾಲಿನಲ್ಲಿ ಒಬ್ಬಳು ಮಾತ್ರ ದಡಕ್ಕನೆ ಎದ್ದು, ಎರಡು ಜಡೆ ಬೀಸುತ್ತ, ಕೈ ಮೇಲೆತ್ತಿ ಕುಣಿಯತೊಡಗಿದಳು. ಹನ್ನೊಂದು ಸೆಕೆಂಡು ಕುಣಿದಳು. ಕ್ಯಾಮೆರಾ ಬೇರೆ ಕಡೆ ತಿರುಗಿತು.

ಅದು ಅಂಬುಜಾ ಅವರೇ. ಇಪ್ಪತ್ತೆರಡು ವರ್ಷದ ಅಂಬುಜಾ.

"ಇಂಥೋಳನ್ನ ಯಾವ ಮಹಾನುಭಾವ ಕಟ್ಕೊಂಡ್ನೋ, ಪಾಪ" ಎಂದರು ಚಕ್ರಪಾಣಿ.

ಅಂಬುಜಾ ವಾಲ್ಯೂಮ್ ಕಮ್ಮಿ ಮಾಡಲು ಹೇಳಿ ಒಳಗೆ ಹೋದರು. ಆ ಕಾರ್ಯಕ್ರಮವನ್ನು ಅವರು ಇದುವರೆಗೆ ನೋಡಿಯೇ ಇರಲಿಲ್ಲ. ಅದು ಪ್ರಸಾರವಾದ ದಿನ ಗೋವಿಂದರಾಜನಗರದ ಅವರ ಬೀದಿಯವರೆಲ್ಲ ಟಿವಿಯಿದ್ದ ಒಂದೇ ಒಂದು ಮನೆಯಲ್ಲಿ ಜಮಾಯಿಸಿದ್ದರು, ಮುಂದಿನ ಕುರ್ಚಿಯಲ್ಲಿ ಅಪ್ಪ. ಅಂಬುಜಾ ಗೋಡೆಗೊರಗಿ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು. ಬೆಳ್ಳಿ ಜಾಕೆಟ್ಟಿನವನು ಬಾಯಿ ತೆರೆದ ಕ್ಷಣಕ್ಕೆ ಕರೆಂಟು ಹೋಯಿತು. ಮತ್ತೆ ಬಂದಾಗ ವಾರ್ತೆ ನಡೆಯುತ್ತಿತ್ತು. ಮೂರು ವರ್ಷಕ್ಕೆ ಮದುವೆಯಾಯಿತು. ಆ ಕುಣಿತದ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ.

ಅಂದು ಸಂಜೆ ಗಂಡ ವಾಕಿಂಗ್ ಹೋದಾಗ ಬಾಗಿಲು ಹಾಕಿಕೊಂಡು ಆ ವಿಡಿಯೊವನ್ನು ಹದಿನಾಲ್ಕು ಸಲ ನೋಡಿದರು. ಆಮೇಲೆ ಕೆಳಗಿನ ಕಾಮೆಂಟುಗಳಿಗೆ ಇಳಿದರು. ಹಾಡಿಗಿಂತ ಮೂರನೇ ಸಾಲಿನ ಹುಡುಗಿಯ ಬಗ್ಗೆಯೇ ಜನ ಬರೆದಿದ್ದರು. ಒಬ್ಬ ಅವಳಿಂದಲೇ ಆ ಕಾಲಕ್ಕೆ ಜೀವ ಬಂತು ಎಂದಿದ್ದ. ಇನ್ನೊಬ್ಬ ಅವಳು ಹೋದ ವರ್ಷ ತೀರಿಕೊಂಡಳಂತೆ ಎಂದು ಬರೆದು ಓಂ ಶಾಂತಿ ಹೇಳಿದ್ದ. ಅದರ ಕೆಳಗೆ ಇನ್ನೂರಕ್ಕೂ ಹೆಚ್ಚು ಜನ ಕೈ ಮುಗಿದಿದ್ದರು.

ಅಂಬುಜಾಗೆ ತಡೆಯಲಾಗಲಿಲ್ಲ. "ನಾನು ಬದುಕಿದ್ದೇನೆ" ಎಂದು ಬರೆದರು. ಐದೇ ನಿಮಿಷಕ್ಕೆ ಯಾರೋ ಉತ್ತರ ಕೊಟ್ಟರು: ಆಂಟಿ, ಆ ಹುಡುಗಿ ಆಗಲೇ ಸಿಕ್ಕಿದಾರೆ, ಕೆಳಗಿನ ಲಿಂಕ್ ನೋಡಿ.

ನೋಡಿದರೆ ಮಹಾಲಕ್ಷ್ಮಿ ಲೇಔಟಿನ ನಿವಾಸಿಗಳ ಸಂಘದ ರಾಜ್ಯೋತ್ಸವ. ರಾಗಿಣಿ ಎಂಬ ಹೆಂಗಸಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ಕುಣಿದ ಕನ್ನಡತಿ' ಎಂದು ಸನ್ಮಾನ ಮಾಡಿದ್ದರು.

ಮೂವತ್ತೊಂಬತ್ತು ವರ್ಷ ಯಾವುದು ಬಯಲಾಗದಿರಲಿ ಎಂದು ಬೇಡಿಕೊಂಡಿದ್ದರೋ, ಅದನ್ನು ಇನ್ನೊಬ್ಬಳು ತನ್ನದೆಂದದ್ದೇ ತಡ, ಅಂಬುಜಾ ಕೆಂಡವಾದರು. ಆ ಬಡಾವಣೆಯಲ್ಲಿದ್ದ ಹಳೆಯ ಶಿಷ್ಯನಿಗೆ ಫೋನು ಮಾಡಿ ವಿಳಾಸ ತರಿಸಿಕೊಂಡರು. ಯಾಕೆಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮರುದಿನ ಆಟೊ ಹತ್ತಿದರು.

ರಾಗಿಣಿ ಮೆತ್ತನೆಯ ಮಾತಿನ ಹೆಂಗಸು. ಬಂದವರು ಯಾರೆಂದು ಕೇಳುವ ಮೊದಲೇ ಕಾಫಿ ತಂದಿಟ್ಟರು. ಅಂಬುಜಾ ಲೋಟ ಮುಟ್ಟದೆ ಮೌಖಿಕ ಪರೀಕ್ಷೆ ಶುರುಮಾಡಿದರು. ಸ್ಟುಡಿಯೊದಲ್ಲಿ ತಿನ್ನಲು ಏನು ಕೊಟ್ಟರು? ಬಿಸ್ಕತ್ತು, ಒಬ್ಬರಿಗೆ ಎರಡು. ಚಪ್ಪಾಳೆ ತಟ್ಟಲು ಸನ್ನೆ ಮಾಡುತ್ತಿದ್ದವನು ಹೇಗಿದ್ದ? ಕುಳ್ಳಗೆ, ಕೈಯಲ್ಲಿ ಕೆಂಪು ಕರ್ಚೀಫು. ಎರಡೂ ಸರಿ. ಅಂಬುಜಾ ಕೊನೆಯ ಪ್ರಶ್ನೆ ತೆಗೆದರು.

"ಕುಣಿಯೋವಾಗ ಬಲಗೈ ಬಳೆ ಏನಾಯ್ತು?"

ರಾಗಿಣಿ ಅಂಬುಜಾರನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಎಡ ಹುಬ್ಬು ತೋರಿಸಿದರು. ಸಣ್ಣ ಗಾಯದ ಗುರುತು.

"ಇಲ್ಲಿಗೆ ಬಡಿದು ಒಡೀತು. ಪಕ್ಕದಲ್ಲಿ ಕೂತಿದ್ದೋಳು ನಾನೇ ಕಣ್ರೀ."

ಸಂಗತಿ ಹೀಗೆ: ಸೊಸೆ ಮೇಧಾ ವಿಡಿಯೊ ತೋರಿಸಿ, ಇದು ನೀವಾ ಅತ್ತೆ ಎಂದು ಕೇಳಿದ್ದಳು. ಇವರು ತಾವು ಕೂತಿದ್ದ ಜಾಗ ನೋಡಿ ಹೌದು ಎಂದರು. ಅವಳು ಎದ್ದವಳನ್ನು ನೋಡಿ ಕೇಳಿದ್ದಳು. ತಪ್ಪು ಗೊತ್ತಾಗುವ ಹೊತ್ತಿಗೆ ಸಂಘದವರು ಶಾಲು ತಂದಿದ್ದರು.

"ನಂಗೂ ಏಳ್ಬೇಕು ಅನ್ಸಿತ್ತು. ಜೊತೇಲಿ ಅಣ್ಣ ಕೂತಿದ್ದ" ಎಂದರು ರಾಗಿಣಿ. "ಶಾಲು ತಗೊಂಡ್ಹೋಗಿ. ಹಣ್ಣು ಮಾತ್ರ ತಿಂದ್ಬಿಟ್ವಿ."

ಅಂಬುಜಾ ಬೈಯುವ ಯೋಚನೆ ಬಿಟ್ಟರು. ತಣ್ಣಗಾದ ಕಾಫಿ ಕುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಎದ್ದೇಳಿ."

ಕೂತವಳು ಎದ್ದಳು. ಸೋಫಾ ಪಕ್ಕಕ್ಕೆ ಸರಿಯಿತು. ಅಂಬುಜಾ ಒಂದು, ಎರಡು, ಮೂರು ಎಂದು ಎಣಿಸುತ್ತ ಹೇಳಿಕೊಟ್ಟರು. ಸೊಂಟ ಸಾಲದು, ಇನ್ನೂ ಅಲುಗಬೇಕು ಎಂದು ಗದರಿಸಿದರು. ಮೊಣಕಾಲು ಲಟಲಟ ಎಂದಿತು. ನಾಲ್ಕನೇ ಸುತ್ತಿಗೆ ಬಾಗಿಲು ತೆರೆದು ಮೇಧಾ ಆಫೀಸಿನ ಬ್ಯಾಗು ಹಿಡಿದು ನಿಂತಿದ್ದಳು. ಯಾರು ಕುಣಿಯುತ್ತಿದ್ದಾರೆ, ಯಾರು ಕಲಿಯುತ್ತಿದ್ದಾರೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮೂರನೇ ಸಾಲಿನಲ್ಲಿ ಎದ್ದವರು ಅಂಬುಜಾ ಮೇಡಂ, ಪಕ್ಕದಲ್ಲಿ ಹುಬ್ಬು ಹಿಡಿದು ಕೂತವರು ನಮ್ಮತ್ತೆ ಎಂದು ಅವಳು ಅಂದೇ ಆ ವಿಡಿಯೊದ ಕೆಳಗೆ ತಿದ್ದಿ ಬರೆದಳು. ಬೆಳಗಾಗುವಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳು ಮುಗಿಬಿದ್ದರು. ವಾರ್ಷಿಕೋತ್ಸವದಲ್ಲಿ ತಮ್ಮ ಐಟಂ ಕ್ಯಾನ್ಸಲ್ ಆದ ಇಸವಿ ಸಮೇತ ನ್ಯಾಯ ಕೇಳಿದವರೇ ಹತ್ತು ಜನ.

ಚಕ್ರಪಾಣಿ ಎಲ್ಲವನ್ನೂ ಓದಿ, ವಿಡಿಯೊ ಇನ್ನೊಮ್ಮೆ ನೋಡಿ, ಹೆಂಡತಿಯ ಮುಖ ನೋಡಿದರು.

"ಮೊದ್ಲೇ ಹೇಳಿದ್ರೆ ಏನ್ ಮಾಡ್ತಿದ್ರಿ?" ಎಂದು ಅಂಬುಜಾ ಕೇಳಿದರು.

ಚಕ್ರಪಾಣಿ ಸುಳ್ಳು ಹೇಳುವವರಲ್ಲ.

"ಮದುವೆಗೆ ಒಪ್ತಿರ್ಲಿಲ್ಲ ಅನ್ಸುತ್ತೆ. ದೊಡ್ಡ ನಷ್ಟ ಆಗ್ತಿತ್ತು."

ಅಂಬುಜಾ ನಗು ತಡೆದುಕೊಂಡು ತಿಂಡಿಗೆ ಒಗ್ಗರಣೆ ಹಾಕಲು ಎದ್ದರು. ಹಾಲಿನಲ್ಲಿ ಚಕ್ರಪಾಣಿ ವಾಲ್ಯೂಮ್ ಜೋರು ಮಾಡಿದರು. ಈ ಸಲ ಆಕೆ ಕಮ್ಮಿ ಮಾಡಿ ಎನ್ನಲಿಲ್ಲ.