ಕಣ್ಣಂಚಿನ ಕೈ

ಮರ ಕೊಯ್ಯುವ ಮಿಲ್ಲಿನಲ್ಲಿ ಮಾತು ನಡೆಯುವುದಿಲ್ಲ. ಗರಗಸ ತಿರುಗತೊಡಗಿತೆಂದರೆ ಪಕ್ಕದಲ್ಲೇ ನಿಂತು ಕಿರುಚಿದರೂ ಬಾಯಿ ಆಡಿದ್ದಷ್ಟೇ ಕಾಣುತ್ತದೆ. ಅದಕ್ಕೇ ಅಲ್ಲಿ ಕೈಸನ್ನೆ. ದಿಮ್ಮಿಯನ್ನು ಗರಗಸಕ್ಕೆ ನೂಕುವವನು ಮೇಸ್ತ್ರಿ. ಹಲ್ಲು ಮರಕ್ಕೆ ತಾಗುವ ಗೆರೆ ಬಿಟ್ಟು ಅವನ ಕಣ್ಣು ಆಚೀಚೆ ಹೋಗಕೂಡದು. ಎದುರು ಬದಿಯಲ್ಲಿ, ಕೊಂಚ ಎಡಕ್ಕೆ ನಿಂತು, ಸೀಳಿ ಬಂದ ಹಲಗೆಯನ್ನು ಎಳೆದುಕೊಳ್ಳುವವನು ಇನ್ನೊಬ್ಬ. ಮರದೊಳಗೆ ಮೊಳೆ ಕಂಡರೆ, ಹಲಗೆ ಬಿರಿದರೆ, ಅವನು ಒಂದು ಕೈ ಎತ್ತುತ್ತಾನೆ. ಮೇಸ್ತ್ರಿ ತಿರುಗಿ ನೋಡುವುದಿಲ್ಲ. ಎಡಗಣ್ಣಿನ ಅಂಚಿನಲ್ಲಿ ಏನೋ ಅಲುಗಿತೆಂದರೆ ಸಾಕು, ನಿಲ್ಲಿಸಿಬಿಡುತ್ತಾನೆ. ಈ ಮೇಸ್ತ್ರಿ ತಲೆ ನರೆಯುವ ತನಕ ಹಾಗೆ ನಂಬಿಕೊಂಡೇ ಕೆಲಸ ಮಾಡಿದವನು. ಎಳೆಯುವವನು ಅವನ ಹೆಂಡತಿಯ ತಮ್ಮ. ಎಲ್ಲರ ಬಾಯಲ್ಲೂ ಅವನು ಕುಳ್ಳ.

ಒಂದು ಬೆಳಿಗ್ಗೆ ಮೇಸ್ತ್ರಿ ತಟ್ಟನೆ ಮೆಷಿನ್ನು ನಿಲ್ಲಿಸಿದ.

"ಏನಾಯ್ತು ಭಾವ?"

"ನೀನು ಕೈ ಎತ್ತಿದೆಯಲ್ಲೋ."

"ನನ್ನ ಎರಡು ಕೈನೂ ಹಲಗೆ ಮೇಲಿದೆ. ಮೂರನೇದು ಇದ್ದಿದ್ರೆ ಮೊದಲು ಮೂಗು ಕೆರ್ಕೊಳ್ತಿದ್ದೆ."

ಇಬ್ಬರೂ ನಕ್ಕರು. ಮಧ್ಯಾಹ್ನ ಮತ್ತೆ ಹಾಗೇ ಆಯಿತು. ಮರುದಿನವೂ ಆಯಿತು. ಎಡಗಡೆಯಿಂದ ಕಪ್ಪಗೆ ಏನೋ ಸುಳಿಯುತ್ತಿತ್ತು, ತಿರುಗಿದರೆ ಗೋಡೆ. ಮನೆಯಲ್ಲಿ ಊಟಕ್ಕೆ ಕೂತವನು, ಬೆಕ್ಕು ಬಂತೆಂದು ಕಾಲು ಮಡಚಿಕೊಂಡ. ಬೆಕ್ಕು ಇರಲಿಲ್ಲ.

"ಯಾರಿಗೆ ದಾರಿ ಬಿಡ್ತಿದ್ದೀರಿ?" ಎಂದಳು ಹೆಂಡತಿ.

"ಕಾಲು ಜೋಮು ಹಿಡೀತು" ಎಂದು ಸುಳ್ಳು ಹೇಳಿದ. ಕಣ್ಣು ಕೆಟ್ಟಿದೆ ಅನ್ನುವ ಮಾತು ಮಿಲ್ಲಿಗೆ ಮುಟ್ಟಿದರೆ ನೂಕುವ ಜಾಗ ಹೋಯಿತೆಂದೇ ಲೆಕ್ಕ. ಅಲ್ಲಿ ನಿಂತವನನ್ನು ಮಾತ್ರ ಮೇಸ್ತ್ರಿ ಎನ್ನುತ್ತಾರೆ, ಉಳಿದವರೆಲ್ಲ ಆಳುಗಳು.

ವಾರ ಕಳೆಯುವುದರೊಳಗೆ ಮಾಲೀಕರೇ ಬಂದರು. "ಏನು ಮೇಸ್ತ್ರಿ, ಮೆಷಿನ್ನಿಗೂ ನಿಮಗೂ ಜಗಳವಾ? ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚಾಯ್ತಲ್ಲ."

ಆ ಮಾತು ಅವನ ಎದೆಗೆ ನಾಟಿತು. ಇನ್ನು ಮೇಲೆ ಏನು ಸುಳಿದರೂ ನಿಲ್ಲಿಸಬಾರದು ಎಂದು ಹಲ್ಲು ಕಚ್ಚಿ ನಿಂತ. ಆ ದಿನ ಬಂದದ್ದು ಕೆಡವಿದ ಮನೆಯೊಂದರ ಹಳೇ ತೊಲೆ. ನೂಕುತ್ತಿದ್ದ ಹಾಗೇ ನೆರಳು ಸುಳಿಯಿತು. ನೂಕಿದ. ಇನ್ನೊಮ್ಮೆ ಸುಳಿಯಿತು. 'ಬಾ, ಹೋಗು, ನನಗೇನು' ಎಂದುಕೊಂಡು ಇನ್ನೂ ಬಲವಾಗಿ ನೂಕಿದ.

ಗರಗಸ ಕರ್ಕಶವಾಗಿ ಅರಚಿತು. ಕಿಡಿ ಹಾರಿತು. ಹಲಗೆ ಚಿಮ್ಮಿ ಕುಳ್ಳನನ್ನು ಮರದ ಹೊಟ್ಟಿನ ರಾಶಿಗೆ ಬೀಳಿಸಿತು. ಮೇಸ್ತ್ರಿ ಸ್ವಿಚ್ಚು ಒತ್ತಿ ಓಡಿಹೋದ. ಕುಳ್ಳನ ಅಂಗಿಯ ತೋಳು ಮೊಣಕೈವರೆಗೆ ಹರಿದು ನೇತಾಡುತ್ತಿತ್ತು. ಅವನು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ. ಎಲ್ಲವೂ ಇದ್ದವು.

"ಮೊಳೆ ಕಂಡು ಕೈ ಎತ್ತಿದ್ನಲ್ಲ ಭಾವ! ಎರಡೆರಡು ಸಲ ಎತ್ತಿದೆ. ಕಾಣಲಿಲ್ವಾ?"

"ಕಾಣ್ತು."

ಕುಳ್ಳ ಅವನ ಮುಖವನ್ನೇ ನೋಡಿದ. "ಕಂಡೂ ನೂಕಿದ್ರಾ?"

ಆಗ ಮೇಸ್ತ್ರಿ ಎಲ್ಲವನ್ನೂ ಹೇಳಿದ. ಯಾವ ಮಾತಿಗೂ ತಮಾಷೆ ಮಾಡುವ ಕುಳ್ಳ ಅಂದು ಮಾಡಲಿಲ್ಲ. ಹೊಟ್ಟು ಕೊಡವಿಕೊಂಡು ಎದ್ದ.

"ಅಕ್ಕನಿಗೆ ಗೊತ್ತಾ?"

"ಇಲ್ಲ."

"ನಡೀರಿ. ಮೊದಲು ಅಕ್ಕ, ಆಮೇಲೆ ಡಾಕ್ಟ್ರು. ನಾನೂ ಬರ್ತೀನಿ. ಇಲ್ದಿದ್ರೆ ನೀವು ಅವಳಿಗೆ ಮತ್ತೆ ಜೋಮು ಅಂತೀರಿ."

ಕಣ್ಣಿನ ಡಾಕ್ಟರು ಔಷಧದ ಹನಿ ಹಾಕಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಕಣ್ಣಲ್ಲಿ ಏನೂ ಕೆಟ್ಟಿಲ್ಲ. ನೆರಳು ಯಾಕೆ ಬರ್ತಿದೆ ಅಂತ ನನಗೂ ಹೇಳೋಕಾಗ್ತಿಲ್ಲ. ಮಿಂಚು ಹೊಡೆದ ಹಾಗೆ ಕಂಡ್ರೆ ಮಾತ್ರ ತಡ ಮಾಡದೆ ಬನ್ನಿ" ಎಂದರು. ಕೆಟ್ಟಿದೆ ಎಂದಿದ್ದರೆ ಬೈಯಲಾದರೂ ಒಂದು ಹೆಸರು ಸಿಗುತ್ತಿತ್ತು ಎಂದುಕೊಳ್ಳುತ್ತಾ ಮೇಸ್ತ್ರಿ ಹೊರಬಂದ.

ಮತ್ತೆ ಕೆಲಸಕ್ಕೆ ಹೋದ ದಿನ ಅವನು ಯಾರನ್ನೂ ಕೇಳದೆ ಎಳೆಯುವ ಬದಿಗೆ ಹೋಗಿ ನಿಂತ.

"ಅದು ನನ್ನ ಜಾಗ ಭಾವ" ಎಂದ ಕುಳ್ಳ.

"ಇನ್ನು ನಂದು. ಕೈ ಎತ್ತೋದು ನಾನು, ನೋಡೋದು ನೀನು. ನಿನ್ನ ಕಣ್ಣು ಸುಳ್ಳು ಹೇಳಲ್ಲ."

"ಮಾಲೀಕರು ಕೇಳಿದ್ರೆ?"

"ಮೇಸ್ತ್ರಿ ನೀನು ಅಂತೀನಿ. ನೂಕು."

ಕುಳ್ಳ ಸುತ್ತು ಹಾಕಿ ನೂಕುವ ಬದಿಗೆ ಹೋದ. "ಕುಳ್ಳ ಮೇಸ್ತ್ರಿಗೆ ಒಂದು ಮಣೆ ಹಾಕ್ಸಿ ಮತ್ತೆ, ಗೆರೆ ಎಟುಕಲ್ಲ" ಎಂದು ಸ್ವಿಚ್ಚು ಒತ್ತಿದ.

ಅರ್ಧ ತೊಲೆ ಸೀಳಿರಬೇಕು. ಮೇಸ್ತ್ರಿಯ ಎಡಕ್ಕೆ ಕಪ್ಪಗೆ ಏನೋ ಸುಳಿಯಿತು. ಅಂಗೈಗಳನ್ನು ಹಲಗೆಗೆ ಒತ್ತಿ ಹಿಡಿದ. ಮತ್ತೆ ಸುಳಿಯಿತು. ಹಿಡಿದಷ್ಟೂ ಹಿಡಿದ, ಕೊನೆಗೆ ಕೈ ಎದ್ದೇಬಿಟ್ಟಿತು.

ಮೆಷಿನ್ನು ಆ ಕ್ಷಣವೇ ನಿಂತಿತು.

"ಮೊಳೆನಾ?"

"ಗೊತ್ತಿಲ್ಲ ಕಣೋ."

ಕುಳ್ಳ ಬೈಯಲಿಲ್ಲ, ನಗಲಿಲ್ಲ. ಸುತ್ತು ಹಾಕಿ ಬಂದು, ತೊಲೆಯ ಉದ್ದಕ್ಕೂ ಅಂಗೈ ಆಡಿಸಿ ನೋಡಿದ. "ಏನೂ ಇಲ್ಲ. ಹಾಕ್ಲಾ?"

ಮೇಸ್ತ್ರಿ ತನ್ನ ಎಡಗಡೆ ಇನ್ನೊಮ್ಮೆ ನೋಡಿದ.

"ಹಾಕು" ಎಂದ.