ಅರಿಶಿಣಕ್ಕೆ ಅವ್ವನ ಹಾಡೇ ಬೇಕು

ನಮ್ಮಕ್ಕನ ಮದುವೆಯಲ್ಲಿ ಆದದ್ದಕ್ಕೆಲ್ಲ ನಾನೇ ಕಾರಣ ಎಂದು ತೆಲಂಗಾಣದ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಇವತ್ತಿಗೂ ಮಾತಿದೆ. ಅರ್ಧ ಸುಳ್ಳು. ನಾನು ಮಾಡಿದ್ದು ಅರ್ಧ ಮಾತ್ರ. ಅದನ್ನೂ ಇನ್ನೊಮ್ಮೆ ಮಾಡು ಎಂದರೆ ಖಂಡಿತ ಮಾಡುತ್ತೇನೆ.

ಮಕ್ತಲ್ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಒಡೆದ ಸ್ಕ್ರೀನ್ ಬದಲಿಸುವುದಕ್ಕಿಂತ ಧ್ವನಿ ಬದಲಿಸುವುದು ನನಗೆ ಚೆನ್ನಾಗಿ ಬರುತ್ತದೆ. ಬಸ್ಸಿನ ಕಂಡಕ್ಟರ್, ಸೀರೆ ಕೊಳ್ಳುವ ಸೇಠ್, ಓಣಿಯ ಅಜ್ಜಿಯರು, ಯಾರನ್ನು ಬೇಕಾದರೂ ನನ್ನ ಗಂಟಲಲ್ಲಿ ಕೂರಿಸಿಕೊಂಡು ಮಾತಾಡಿಸಿಬಿಡುತ್ತೇನೆ. ನನ್ನ ಸ್ವಂತ ಧ್ವನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಸಿಕ್ಕಾಗಲೂ ಅದು ಬೋರ್‌ವೆಲ್ಲಿನಲ್ಲಿ ನೀರು ಬತ್ತಿದಾಗ ಮೋಟರು ಗುಂಯ್‌ಗುಡುವಂತಿರುತ್ತದೆ.

ಗಂಟಲು ಅಂದರೆ ಅವ್ವನದು. ಧನ್ವಾಡ, ಉಟ್ಕೂರು, ಮರಿಕಲ್, ಎಲ್ಲಿ ನಮ್ಮವರ ಮದುವೆ ಇದ್ದರೂ ಸೋಬಾನೆ ಪದಕ್ಕೆ ಅವ್ವನನ್ನು ಕರೆದೊಯ್ಯುತ್ತಿದ್ದರು. ಮದುಮಗಳಿಗೆ ಅರಿಶಿಣ ಹಚ್ಚುವಾಗ ಅವ್ವ ಪದ ಎತ್ತಿದಳೆಂದರೆ ಹೊರಗೆ ಬೀಡಿ ಸೇದುತ್ತ ನಿಂತ ಗಂಡಸರೂ ಸುಮ್ಮನಾಗುತ್ತಿದ್ದರು. ಆದರೆ ಸೋಬಾನೆಯನ್ನು ಮುತ್ತೈದೆಯರೇ ಹಾಡಬೇಕು ಎಂಬುದು ನಮ್ಮ ಕಡೆಯ ಕಟ್ಟು. ಮೂರು ವರ್ಷದ ಕೆಳಗೆ ಅಪ್ಪ ತೀರಿಕೊಂಡ. ಅವ್ವನ ಕುಂಕುಮ, ಬಳೆಗಳ ಜೊತೆಗೆ ಹಾಡನ್ನೂ ತೆಗೆದರು. ಆಮೇಲೆ ಅವಳು ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುವಾಗ ಗುನುಗುವುದಷ್ಟೇ. ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದರೆ ಅದನ್ನೂ ನಿಲ್ಲಿಸುತ್ತಿದ್ದಳು.

ಅಕ್ಕನಿಗೆ ಗದ್ವಾಲದ ಸಂಬಂಧ ಗೊತ್ತಾಯಿತು. ನಮ್ಮಂತೆ ಅವರೂ ಸೀರೆ ನೇಯುವವರು, ಮನೆಮಾತು ಮಾತ್ರ ತೆಲುಗು. ಎರಡೂ ಕಡೆಯವರಿಗೆ ನಡುವೆ ಆಗುತ್ತದೆಂದು ಮಕ್ತಲ್‌ನಲ್ಲಿ ಒಂದು ಫಂಕ್ಷನ್ ಹಾಲ್ ಹಿಡಿದೆವು. ಆಗ ಉಟ್ಕೂರಿನಿಂದ ಶೇರ್ ಆಟೋ ಹತ್ತಿ ನಮ್ಮ ಅತ್ತಿ ಬಂದಿಳಿದಳು. ಅಪ್ಪನ ಅಕ್ಕ, ಮುತ್ತೈದೆ. ನಮ್ಮ ಮನೆತನದ ಮದುವೆಗಳೆಲ್ಲ ಅವಳ ಅಪ್ಪಣೆಯ ಮೇಲೆ ನಡೆಯುತ್ತವೆ. ಮದುಮಗ ಬೇಕಾದರೆ ತಡವಾಗಿ ಬರಬಹುದು, ಅತ್ತಿ ತಡ ಮಾಡುವಂತಿಲ್ಲ.

ಚಹಾ ಹೀರುತ್ತಲೇ ಹಾಡಿನ ಲೆಕ್ಕ ಮುಗಿಸಿದಳು. "ಮೆರವಣಿಗಿಗೆ ಗಂಡಿನವರು ಡೀಜೆ ತರ್ತಾರ. ತಾಳಿ ಹೊತ್ತಿಗೆ ಡೋಲು-ಸನಾಯಿ. ಅರಿಶಿಣಕ್ಕ ಹೆಣ್ಮಕ್ಕಳ ಪದ. ಐದು ಮಂದಿ ಮುತ್ತೈದೇರ್ನ ನಾ ಕರ್ಕೊಂಡು ಬರ್ತೀನಿ. ಮುಗೀತು."

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಅಕ್ಕ ಲಾಳಿ ನಿಲ್ಲಿಸಿದಳು. "ಮುಗೀಲಿಲ್ಲ ಅತ್ತಿ. ಅರಿಶಿಣಕ್ಕ ಅವ್ವ ಹಾಡ್ತಾಳ."

"ಏನಂದಿ?"

"ಕೇಳಿಸ್ತಲ್ಲ."

ಅವ್ವ ರಾಟೆ ಬಿಟ್ಟು ಗಡಬಡಿಸಿ ಎದ್ದಳು. "ಬ್ಯಾಡವ್ವ, ಅದೆಲ್ಲ ಬ್ಯಾಡ. ಚಾ ಮಾಡ್ತೀನಿ ತಡೀರಿ" ಎಂದು ಒಳಗೆ ಹೋದಳು. ಚಹಾ ಆಗಲೇ ಎಲ್ಲರ ಕೈಯಲ್ಲಿತ್ತು.

"ಗಂಡಿನವರು ಏನಂದಾರು?" ಅತ್ತಿಯ ಧ್ವನಿ ಏರಿತು. "ನಿಮ್ಮ ಕಡಿ ಮುತ್ತೈದೇರು ಗತಿಯಿಲ್ಲೇನು ಅಂದ್ರ? ಮೊದಲ ದಿನನ ಅಪಶಕುನ ಅಂದ್ರ?"

"ಅವ್ವ ಅಪಶಕುನ ಆದ್ರ ನಾನೂ ಅಪಶಕುನನ. ಅಕಿ ಹೊಟ್ಟಿಯಾಗಿಂದನ ಬಂದೀನಿ. ಅವ್ವ ಹಾಡಲಿಲ್ಲಂದ್ರ ನಾ ಹಸಿಮಣಿ ಮ್ಯಾಲ ಕುಂದ್ರಂಗಿಲ್ಲ. ನೀನ ಕುಂದ್ರು, ನಿನಗ ಹಚ್ತೀವಿ ಅರಿಶಿಣ."

ಅತ್ತಿಯ ವಯಸ್ಸು ಎಪ್ಪತ್ತು ದಾಟಿದೆ. ನನಗೆ ನಗು ತಡೆಯಲಾಗಲಿಲ್ಲ. "ನೀ ಯಾಕ ಹಲ್ಲು ಕಿಸಿತಿ ಕ್ವಾಣ!" ಎಂದು ಅತ್ತಿಯಿಂದ ಬೈಸಿಕೊಂಡೆ. ಅದೇ ಬೈಗುಳವನ್ನು ಅವಳದೇ ರಾಗದಲ್ಲಿ ತಿರುಗಿಸಿ ಕೊಟ್ಟೆ. ಒಳಗೆ ಅವ್ವನ ನಗು ಕೇಳಿಸಿತು, ಆಮೇಲೆ ಮೂಗೊರೆಸಿಕೊಂಡ ಸದ್ದು.

ಎರಡು ದಿನ ಅಕ್ಕನೂ ಸೋಲಲಿಲ್ಲ, ಅತ್ತಿಯೂ ಸೋಲಲಿಲ್ಲ. ಮೂರನೇ ದಿನ ನನಗೊಂದು ಭಾರಿ ಉಪಾಯ ಹೊಳೆಯಿತು. ನನ್ನ ಉಪಾಯಗಳನ್ನು ನಂಬಬಾರದೆಂದು ಮನೆಯವರಿಗೆಲ್ಲ ಗೊತ್ತಿತ್ತು, ಆದರೂ ನಂಬಿದರು. ಹಿಂದೊಂದು ಮದುವೆಯಲ್ಲಿ ಅವ್ವ ಹಾಡಿದ್ದನ್ನು ನಾನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಅರಿಶಿಣದ ಹೊತ್ತಿಗೆ ಇದನ್ನೇ ಹಾಕೋಣ ಎಂದು ಅದರ ಮೊದಲ ತುಣುಕನ್ನು ಅತ್ತಿಯ ಮುಂದೆ ಹಚ್ಚಿದೆ.

"ಇದು ಯಾವಾಗಿಂದು? ಆವಾಗ ನನ್ನ ತಮ್ಮ ಇದ್ದನೇನು?"

"ಇದ್ದ. ಹಿಂದ ಕೆಮ್ಮಿದ್ದು ಕೇಳಿಸ್ತಿಲ್ಲೇನು?"

ಅತ್ತಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಕೆಮ್ಮನ್ನು ಇನ್ನೊಮ್ಮೆ ಕೇಳಿಸು ಎಂದಳು. ಇನ್ನೊಮ್ಮೆ ಎಂದಳು. ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: "ಇದು ಮುತ್ತೈದಿ ಇದ್ದಾಗಿನ ಧ್ವನಿ. ದೋಷ ಇಲ್ಲ. ನಡೀತೈತಿ."

ಅಂದರೆ ಅವ್ವನ ಧ್ವನಿ ಹಸೆಯ ಹತ್ತಿರ ಬರಬಹುದು, ಅವ್ವ ಬರಬಾರದು. ನಾನು ದೊಡ್ಡ ವಕೀಲನಂತೆ ಎದೆಯುಬ್ಬಿಸಿ ಅಕ್ಕನ ಹತ್ತಿರ ಹೋದೆ. ಅವಳು ನೂಲಿನಿಂದ ಕಣ್ಣೆತ್ತಲೇ ಇಲ್ಲ. "ಅವ್ವ ಇನ್ನೂ ಬದುಕ್ಯಾಳ. ಬದುಕಿರಾಕಿನ್ನ ಮೂಲ್ಯಾಗ ಕುಂದ್ರಿಸಿ, ಅಕಿ ಧ್ವನಿ ಡಬ್ಬ್ಯಾಗ ಹಾಕಿ ಕೇಳಿಸ್ತೀಯೇನಪಾ? ಭಾಳ ಶಾಣ್ಯಾ ಆದಿ."

ಯಾರನ್ನು ಅಣಕಿಸಿ ಆ ಮಾತಿನಿಂದ ತಪ್ಪಿಸಿಕೊಳ್ಳಲಿ? ಅವ್ವನೇ ಬಂದು ಅಕ್ಕನ ಗಲ್ಲ ಹಿಡಿದು, "ನನ್ನ ಸಲುವಾಗಿ ನಿನ್ನ ಮದುವಿ ಕೆಡಬಾರದವ್ವ. ಹೂಂ ಅನ್ನು" ಎಂದಳು. ಅಕ್ಕ ಗಲ್ಲ ಬಿಡಿಸಿಕೊಂಡು ಮತ್ತೆ ನೂಲಿಗೆ ಕೈ ಹಾಕಿದಳು.

ಮದುವೆಯ ದಿನ ಬೆಳಿಗ್ಗೆ ಹಾಲ್‌ನಲ್ಲಿ ಅಕ್ಕನನ್ನು ಹಸೆಮಣೆಗೆ ಕರೆದರು. ಅವ್ವನ ಮಾತಿಗೆ ಬಂದು ಕೂತಳು, ಮುಖ ಗಂಟಿಕ್ಕಿಕೊಂಡೇ. ಗದ್ವಾಲದಿಂದ ಅರಿಶಿಣ ತಂದಿದ್ದ ಬೀಗತಿ, ಮದುಮಗನ ತಾಯಿ, ಮುಂದಿನ ಸಾಲಿನಲ್ಲಿ ಕೂತಿದ್ದರು. ಅತ್ತಿ ಮತ್ತು ಅವಳ ಐವರು ಮುತ್ತೈದೆಯರು ಅರಿಶಿಣದ ಬಟ್ಟಲು ಹಿಡಿದಿದ್ದರು. ಅವ್ವ ತೀರಾ ಹಿಂದೆ, ಸಾಮಾನಿನ ಕೋಣೆಯ ಬಾಗಿಲಲ್ಲಿ ವೀಳ್ಯದೆಲೆ ಒರೆಸುತ್ತಿದ್ದಳು. ನಾನು ಡೀಜೆಯವನ ಪೆಟ್ಟಿಗೆಗೆ ಫೋನ್ ಚುಚ್ಚಿದೆ. ಅವ್ವನ ಧ್ವನಿ ಹಾಲ್ ತುಂಬಿತು.

ಮೊದಲ ನುಡಿ ಚೆನ್ನಾಗಿ ಹೋಯಿತು. ಎರಡನೆಯದು ಶುರುವಾಯಿತು: "ಮರಿಕಲ್ಲ ಊರಿಂದ ಅಳಿಯ ಬಂದಾನ, ಹಸೆ ಹಾಸಿರೆ ಸೋಬಾನ."

ಸೋಬಾನೆ ಕಟ್ಟುವ ಕ್ರಮವೇ ಹಾಗೆ, ಪ್ರತಿ ಮದುವೆಯಲ್ಲೂ ಆ ಮದುಮಗನ ಊರನ್ನು ಸೇರಿಸಿ ಹಾಡುತ್ತಾರೆ. ನಾನು ಹಿಡಿದಿಟ್ಟದ್ದು ಮರಿಕಲ್‌ನವನ ಮದುವೆಯ ಹಾಡು! ಅತ್ತಿ ಕೆಮ್ಮು ಕೇಳಿದ್ದಳು, ನಾನು ಅತ್ತಿಯ ಮುಖ ನೋಡಿದ್ದೆ. ಹಾಡನ್ನು ಕೊನೆಯವರೆಗೆ ಇಬ್ಬರೂ ಕೇಳಿರಲಿಲ್ಲ.

ಬೀಗತಿ ಪಕ್ಕದವರತ್ತ ತಿರುಗಿದರು. "ಮರಿಕಲ್ ಅಂಟರೇಂದಿ? ಮಾದಿ ಗದ್ವಾಲ ಗದಾ!" ಮರಿಕಲ್ ಅಂತಾರಲ್ಲ, ನಮ್ಮದು ಗದ್ವಾಲ ಅಲ್ಲವೇ ಎಂದು. ನಾನು ಗಾಬರಿಯಾಗಿ ಹಾಡನ್ನು ಮುಂದೆ ಓಡಿಸಿದೆ. ಅಲ್ಲೂ ಮರಿಕಲ್ ಅಳಿಯ ಕುದುರೆ ಹತ್ತುತ್ತಿದ್ದ. ಇನ್ನೂ ಮುಂದೆ ಓಡಿಸಿದೆ, ಅಳಿಯ ಊಟಕ್ಕೇ ಕೂತಿದ್ದ.

"ಬಂದ್ ಮಾಡಲೇ!" ಎಂದು ಅತ್ತಿ ಚೀರಿದಳು. ಬಂದ್ ಮಾಡಿದೆ.

ಒಂದು ಕೆನ್ನೆಗೆ ಅರಿಶಿಣ ಮೆತ್ತಿಕೊಂಡಿದ್ದ ಅಕ್ಕ ಎದ್ದು ನಿಂತಳು. ಹಾಲ್‌ನ ಹಿಂಬದಿಗೆ ಕೇಳುವಂತೆ ಕೂಗಿದಳು. "ಅವ್ವಾ! ನನ್ನ ಯಾವೂರಿಗೆ ಕೊಟ್ಟೀ?"

ಅವ್ವ ಎಲೆ ಹಿಡಿದ ಕೈಯಲ್ಲೇ ಎದ್ದಳು. "ಗದ್ವಾಲಕ್ಕವ್ವ."

"ಹಂಗಲ್ಲ. ಹಾಡಿ ಹೇಳು. ಅಲ್ಲೀತನ ನಾ ಕುಂದ್ರಂಗಿಲ್ಲ."

"ನೀ ಕುಂದ್ರು ಮೊದಲ!" ಎಂದಳು ಅತ್ತಿ. ಅಕ್ಕ ಕೂರಲಿಲ್ಲ. ಬೀಗರೆಲ್ಲ ನೋಡುತ್ತಿದ್ದರು. ಅವ್ವ ಮಗಳನ್ನು ನೋಡಿದಳು, ಅತ್ತಿಯನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಪದ ಎತ್ತಿದಳು. "ಗದ್ವಾಲ ಊರಿಂದ ಅಳಿಯ ಬಂದಾನ, ಹಸೆ ಹಾಸಿರೆ ಸೋಬಾನ."

ಮೂರು ವರ್ಷ ಮುಚ್ಚಿಟ್ಟ ಗಂಟಲು ನಡುವೆ ಒಡೆಯಿತು, ಆದರೂ ಸಾಲು ಮುಟ್ಟಿಸಿದಳು. "ಆ, ಇಪ್ಪುಡು ಸರಿ" ಎಂದರು ಬೀಗತಿ. ಈಗ ಸರಿಯಾಯಿತಂತೆ. ಯಾರ ಮಾತಿಗೆ ಇಷ್ಟು ದಿನ ಹೆದರಿದ್ದೆವೋ ಆ ಹೆಂಗಸು!

ಆದರೆ ಇನ್ನೊಂದು ತೊಡಕಿತ್ತು. ಒಬ್ಬಳು ಎತ್ತಿದ ಸಾಲನ್ನು ಉಳಿದವರು ತಿರುಗಿ ಹಾಡಿ ಕೊಡಬೇಕು. ಕೊಡದಿದ್ದರೆ ಪದ ಮುಂದೆ ಹೋಗುವುದಿಲ್ಲ. ಐವರು ಮುತ್ತೈದೆಯರೂ ಅವ್ವನ ಕಡೆ ತಿರುಗಿ ಬಾಯಿ ಬಿಗಿದು ನಿಂತಿದ್ದರು. ಅವರ ಬೆನ್ನ ಹಿಂದೆ ಅತ್ತಿ ತುಟಿ ಕಚ್ಚಿಕೊಂಡಿದ್ದಳು. ಅವಳ ಅಪ್ಪಣೆಯಿಲ್ಲದೆ ಯಾರು ಬಾಯಿ ತೆಗೆದಾರು? ಅವ್ವನ ಸಾಲು ಗಾಳಿಯಲ್ಲಿ ಒಂಟಿಯಾಗಿ ನಿಂತಿತ್ತು. ಅವಳ ಮುಖ ಇಳಿಯತೊಡಗಿದ್ದನ್ನು ಕಂಡೆ.

ಡೀಜೆಯವನ ಮೈಕು ನನ್ನ ಕೈಗೆಟಕುವಷ್ಟು ಹತ್ತಿರ ಬಿದ್ದಿತ್ತು. ಎತ್ತಿಕೊಂಡು, ಅತ್ತಿಯ ಎಪ್ಪತ್ತು ವರ್ಷದ ಕಂಚಿನ ಗಂಟಲಿನಲ್ಲಿ ಆ ಸಾಲನ್ನು ತಿರುಗಿ ಹಾಡಿದೆ.

ಅತ್ತಿಯೇ ಒಪ್ಪಿದಳೆಂದು ಐವರೂ ಒಮ್ಮೆಲೇ ಕೂಡಿಕೊಂಡರು. ಅತ್ತಿಯ ಬಾಯಿ ಮುಚ್ಚಿತ್ತು, ಧ್ವನಿ ಮಾತ್ರ ಹಾಲ್‌ನ ತುಂಬ ಓಡಾಡುತ್ತಿತ್ತು. ಅವಳ ಕಣ್ಣು ನನ್ನನ್ನು ಹುಡುಕಿತು, ಸಿಕ್ಕಿಬಿದ್ದೆ. ಮೈಕು ಬಿಡಲಿಲ್ಲ. ಇನ್ನವಳು ಏನೂ ಮಾಡುವಂತಿರಲಿಲ್ಲ. ಎತ್ತಿದ ಪದವನ್ನು ನಡುವೆ ಕಡಿದರೆ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ ಎಂದು ಮೂರು ಊರಿಗೆ ಪಾಠ ಹೇಳಿದವಳೇ ಅವಳು. ಮುಂದಿನ ಸಾಲಿಗೆ ತುಟಿ ಅಲುಗಿತು. ಅದರ ಮುಂದಿನದಕ್ಕೆ ನಿಜವಾದ ಅತ್ತಿಯೇ ಹಾಡಿದಳು, ಬಹುಶಃ ನಾನು ಅವಳ ರಾಗ ಕೆಡಿಸುತ್ತಿದ್ದುದನ್ನು ತಾಳಲಾರದೆ. ಅಕ್ಕ ಆಗ ಕೂತಳು.

ತಪ್ಪು ಎನ್ನುವವರು ಈಗಲೂ ಇದ್ದಾರೆ. ಬೇಕೆಂದೇ ಮರಿಕಲ್ ಹಾಡು ಹಾಕಿದೆ, ಹುಡುಗ ಮಹಾ ಕಿಲಾಡಿ ಎನ್ನುತ್ತಾರೆ. ಅಷ್ಟು ತಲೆ ಇದ್ದಿದ್ದರೆ ನಾನು ಬೇರೆಯವರ ಫೋನು ಬಿಚ್ಚುತ್ತ ಕೂತಿರುತ್ತಿದ್ದೆನೇ? ಅದು ಶುದ್ಧ ಪೆದ್ದುತನ. ಆದರೆ ಮೈಕು ಎತ್ತಿದ್ದು ಪೆದ್ದುತನವಲ್ಲ. ಅದನ್ನು ಯಾರ ಎದುರು ಬೇಕಾದರೂ, ನನ್ನದೇ ಮೋಟರಿನ ಧ್ವನಿಯಲ್ಲಿ ಹೇಳುತ್ತೇನೆ.

ಅರಿಶಿಣ ಮುಗಿಯಿತು. ಹೊರಗೆ ಡೀಜೆಯವನು ತನ್ನ ಗಾಡಿಯ ಹಾರ್ನ್ ಬಾರಿಸಿದ, ಪುರೋಹಿತರು ಗಡಿಯಾರ ತೋರಿಸಿದರು, ಹೆಂಗಸರು ಸೆರಗು ಝಾಡಿಸಿ ಏಳಲು ನೋಡಿದರು. ಅವ್ವ ಅಷ್ಟರಲ್ಲಿ ಹಾಡುತ್ತ ಹಾಡುತ್ತ ಹಸೆಯ ಪಕ್ಕಕ್ಕೇ ಬಂದಿದ್ದಳು. ಒಂದು ಗ್ಲಾಸ್ ನೀರು ತರಿಸಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು.

"ಇನ್ನೂ ಎರಡು ನುಡಿ ಅದಾವ," ಎಂದಳು. "ಯಾರೂ ಏಳಬ್ಯಾಡ್ರಿ."