ಕನ್ನಡಕದಲ್ಲಿ ಕಲಿತ ಕೈ

ಸೀರೆ ಕೊಳ್ಳುವಾಗ ನಾನು ಮೇಲಿನ ಮಡಿಕೆ ನೋಡುವುದಿಲ್ಲ, ಒಳಮಡಿಕೆ ಬಿಚ್ಚಿಸುತ್ತೇನೆ. ಪಲ್ಲಡದಲ್ಲಿ ಬಾಡಿಗೆ ಮಗ್ಗದಿಂದ ಸ್ವಂತ ಮಗ್ಗಗಳ ಶೆಡ್ಡಿಗೆ ಬಂದದ್ದು ಈ ಒಂದು ಚಾಳಿಯಿಂದ. ಹೆಂಡತಿಯ ಮಂಡಿ ಬದಲಿಸಲು ಕೊಯಮತ್ತೂರಿನ ಆಸ್ಪತ್ರೆಗೆ ಹೋದಾಗ ದೊಡ್ಡ ಡಾಕ್ಟರು ತೋರಿಸಿದ್ದು ಮೇಲಿನ ಮಡಿಕೆಯನ್ನೇ.

ನನ್ನ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಕಟ್ಟಿದರು. ಗಾಳಿಯಲ್ಲೊಂದು ಮಂಡಿ ತೇಲುತ್ತಿತ್ತು. ಗರಗಸ ಮೂಳೆ ಸವರಿತು, ಲೋಹದ ಚಿಪ್ಪು ಕೂತಿತು, ಒಂದು ತೊಟ್ಟು ರಕ್ತವಿಲ್ಲ. "ನಮ್ಮ ಡಾಕ್ಟರುಗಳು ಪಳಗೋದೇ ಇದರಲ್ಲಿ. ನಿಮ್ಮ ಮನೆಯವರಿಗೆ ಮಾತ್ರ ನಾನೇ ಮಾಡ್ತೀನಿ" ಎಂದು ತಮಿಳಿನಲ್ಲಿ ಮಾತು ಕೊಟ್ಟರು. ಒಪ್ಪಿದೆ.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಇಬ್ಬರು ಎಳೆಯ ಡಾಕ್ಟರು ವಾರ್ಡಿಗೆ ಬಂದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ನಮ್ಮೊಡನೆ ಅರೆಬರೆ ತಮಿಳಾಡಿ, ಹೆಂಡತಿಯ ಕಾಲಿಗೆ ಗುರುತು ಹಾಕುತ್ತಾ ತಮ್ಮಲ್ಲೇ ಕನ್ನಡಕ್ಕಿಳಿದರು. ಕರ್ನಾಟಕದಿಂದ ಬಂದವರು. ಇಲ್ಲಿನ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವಿದೆ ಎಂದು ಅವರಿಗೆ ಯಾರು ಹೇಳಿರುತ್ತಾರೆ?

"ನಾಳೆ ಸರ್ ಕಾನ್ಫರೆನ್ಸ್‌ಗೆ ಹೋಗ್ತಿದಾರೆ. ನೀನೇ ಮಾಡ್ಬೇಕಂತೆ."

"ಒಬ್ಳೇನಾ? ಆ ಕನ್ನಡಕದಲ್ಲಿ ಬಿಟ್ರೆ ಒಬ್ಳೇ ಎಲ್ಲಿ ಮಾಡಿದೀನೋ? ಮೆತ್ತಗೆ ಮಾತಾಡು."

"ಇವ್ರಿಗೇನ್ ಅರ್ಥ ಆಗತ್ತೆ ಬಿಡೇ."

"ಎಲ್ಲಾ ತಿಳೀತದೆ ತಂಬಿ," ಎಂದೆ. "ಇನ್ನೊಂದು ತಡವೆ ಹೇಳು, ಈಯಮ್ಮನೂ ಕೇಳ್ಲಿ."

ಹುಡುಗ ಗೋಡೆ ನೋಡಿದ. ಹೆಂಡತಿ ಹುಡುಗಿಯ ಕೈ ಹಿಡಿದಳು. "ನನ್ ಮಂಡಿ ಏನು ಕೈ ಪಳಗ್ಸೋ ವೇಸ್ಟ್ ನೂಲಾ ಕಣ್ಣಮ್ಮಾ?"

"ನಂಗೂ ಭಯಾನೇ ಅಮ್ಮಾ. ಸರ್ ಹೇಳಿದ್ಮೇಲೆ ಆಗಲ್ಲ ಅನ್ನೋಕಾಗಲ್ಲ."

ಸೀದಾ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ. "ವಿಮಾನ ಹಾರಿಸೋರೂ ಯಂತ್ರದಲ್ಲೇ ಕಲಿಯೋದಯ್ಯಾ" ಎಂದು ನಕ್ಕರು.

"ಕಲೀಲಿ ಸಾರ್. ಹೊಸಬ್ರಿಗೆ ನಾನೂ ಮೊದ್ಲು ವೇಸ್ಟ್ ನೂಲೇ ಕೊಡೋದು. ಆದ್ರೆ ಗಿರಾಕಿ ಸೀರೆ ಮಗ್ಗಕ್ಕೆ ಏರಿಸಿದ ದಿನ ಹಿಂದೆ ನಿಂತಿರ್ತೀನಿ. ನೀವೆಲ್ಲಿ ನಿಂತಿರ್ತೀರಿ?"

ಒಳ್ಳೆಯ ರೂಮು ಕೊಡಿಸುತ್ತೇನೆಂದರು. ಚೌಕಾಸಿಯಲ್ಲಿ ಎದುರಿನವನು ಕೇಳದ್ದನ್ನು ಕೊಡಲು ಬಂದರೆ, ಕೇಳಿದ್ದೂ ಅವನ ಕೈಯಲ್ಲಿದೆ ಎಂದು ತಿಳಿಯಿರಿ. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ನೀವಿರುವ ದಿನ ಮಾಡಿ, ಇಲ್ಲವಾದರೆ ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದೆ. ಕೊನೆಗೆ ಆಪರೇಷನ್ ಅವರು ಮರಳಿ ಬರುವ ದಿನಕ್ಕೆ ಹೋಯಿತು.

ಆ ದಿನ ಹುಡುಗಿಯನ್ನೂ ಒಳಗೆ ಸೇರಿಸಿಕೊಳ್ಳಲು ಕೇಳಿದವಳು ನನ್ನ ಹೆಂಡತಿಯೇ. "ದೊಡ್ಡೋರ ಪಕ್ಕ ನಿಂತು ಕಲೀಲಿ ಬಿಡ್ರಿ. ಈ ಆಸ್ಪತ್ರೇಲಿ ನಮ್ ಹತ್ರ ನಿಜ ಹೇಳಿದ್ದು ಅವಳೊಬ್ಳೇ."

ಈಗ ಹೆಂಡತಿ ಶೆಡ್ಡಿಗೆ ನಡೆದೇ ಬರುತ್ತಾಳೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಕನ್ನಡಕ ಕಟ್ಟಿದರೆ ನೋಡಿ, ಬೇಡವೆನ್ನಬೇಡಿ. ಬಿಚ್ಚಿದ ಕೂಡಲೇ ಕೇಳಿ: ಆಪರೇಷನ್ನಿನ ದಿನ ಯಾರ ಕೈ, ಪಕ್ಕದಲ್ಲಿ ಯಾರು? ಆ ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡಿಕೊಂಡಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಆನೈಮಲೈ ಕಡೆಯ ಮುದುಕಿಯೊಬ್ಬಳಿದ್ದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಅವಳ ಕಾಲಿಗೂ ಅದೇ ಮಧ್ಯಾಹ್ನ, ಮರುದಿನದ ಆಪರೇಷನ್ನಿಗೆಂದು, ಗುರುತು ಹಾಕಿದ್ದರು.